ಪಾಯಿಂಟ್ ನಾಲ್ಕು ಎರಡು

ರಾಯಾದಾಗ, ಇಗರ್ಜಿ ಹಿಂದಿನ ಶೆಡ್ಡಿನ್ಯಾಗ
ಹಳದಿ ಕಾರು, ಎರಡ ಸೀಟಿಂದು,
ನೆಲಕ್ಕ ಹೊಟ್ಟಿ ಹಚ್ಚಿ ಮಲಗಿತ್ತು.
ಮಲಗೇತಿ ಅಂತ ಎಲ್ಲಾರೂ ತಿಳದಿದ್ರು.

ಆರು ದಿನಕ್ಕ ಒಂದು ಬ್ಯಾಟರಿ ಕುಡೀತದ,
ಅಂದ್ರು ಎವರಿಸ್ತು ಸಾಯಬ್ರು.
ಮೂರು ಬ್ಯಾಟರಿ ಆದವು.
ಪಣಜಿಯಿಂದ ಕಂಪನಿಯವರು ಬಂದು
ಲ್ಯಾಪ್‌ಟಾಪ್ ಹಚ್ಚಿ, ಏನಿಲ್ಲಂದು, ಬಿಲ್ ಕೊಟ್ಟು ಹೋದರು.
ನಡುಸಮುದ್ರದಾಗ ಸತ್ತ ಹಡಗ ಎಬ್ಬಿಸೀನಿ ಬಸಲಿಂಗ,
ಇದೊಂದು ಡಬ್ಬಿ...
ಮಾತು ಅಲ್ಲಿಗೇ ಬಿಟ್ಟರು.

ನಾ ಜುವಾರಿನಗರದಾಂವ.
ರೋಣದ ಕಡೀಂದ ಬಂದು ಹತ್ತೊಂಬತ್ತು ವರ್ಷ.
ಅದಿರಿನ ಟಿಪ್ಪರು, ಮೀನಿನ ಟೆಂಪೋ,
ಉಪ್ಪು ತಿಂದು ಹಸರಾದ ವಾಯರು, ಇವು ನನ್ನ ರೊಟ್ಟಿ.
ಇಂಥಾ ಕಾರು ಮುಟ್ಟಿದ್ದು ಇದ ಮೊದಲು.
ಹೇಳಲಿಲ್ಲ.

ಬ್ಯಾಟರಿ ಸೀಟಿನ ಹಿಂದ.
ಬಾಗಿಲ ತೆಗದ ಇಟ್ಟು, ಅದರ ಚಿಲಕಕ್ಕ
ಸ್ಕ್ರೂಡ್ರೈವರ್ ಒತ್ತಿ, ಮುಚ್ಚೇತಂತ ಕಾರಿಗೆ ಸುಳ್ಳ ಹೇಳಿದೆ.
ನೆಗೆಟಿವ್ ವಾಯರಿನ ನಡುವ ಮೀಟರು ಕೂಡಿಸಿದೆ.
ಇನ್ನ ನಲವತ್ತು ನಿಮಿಷ ಉಸರ ಬಿಗಿಹಿಡಿಯೋ ಕೆಲಸ.
ಅದರ ಮಿದುಳು ಒಂದೊಂದ ಮಲಗತಾವ,
ಒಳಗೆಲ್ಲೋ ಒಂದು ರಿಲೇ ಟಿಕ್ ಅಂತದ,
ಅಂಕಿ ಮೆಟ್ಟಲ ಇಳೀತದ:
ಆರು. ಎರಡು ಪಾಯಿಂಟ್ ಒಂದು. ಪಾಯಿಂಟ್ ಒಂಬತ್ತು.
ಪಾಯಿಂಟ್ ನಾಲ್ಕು ಎರಡು.
ಪಾಯಿಂಟ್ ನಾಲ್ಕು ಎರಡು.
ಸಾಯಬ್ರ ಚಾ ಆರಿ ಕೆನಿಗಟ್ಟಿತು,
ಅಂಕಿ ಅಲ್ಲೇ ಕುಂತಿತ್ತು.

ಹನ್ನೆರಡು ವೋಲ್ಟಿಗೆ ಗುಣಿಸಿದೆ, ಬಾಯಿಲೆಕ್ಕ.
ಐದು ವ್ಯಾಟು.
ಅಷ್ಟ ಬೆಲೆಯ ಕಾರಿನೊಳಗ ಅಷ್ಟ ಕಂಪ್ಯೂಟರು,
ಆದರ ಐದು ವ್ಯಾಟು ತಿನ್ನಾದು ನಂಗ ಗೊತ್ತಿತ್ತು:
ಒಂದು ಬಲ್ಬು. ನಮ್ಮ ಟೆಂಪೋದಾಗೂ ಇರತದ.

ಫ್ಯೂಜ್ ಕಿತ್ತರ ಕಾರು ಬೆಚ್ಚಿ ಏಳತದ.
ಕೀಳದ, ಅವುಗಳ ಬೆನ್ನ ಮ್ಯಾಲಿನ ಎರಡು ಚುಕ್ಕಿಗೆ
ಸೂಜಿ ತಾಗಿಸ್ಕೋತ ಹೋದೆ,
ಮಲಗಿದ ಕೂಸಿನ ಜ್ವರ ನೋಡಿದಂಗ.
ಇಪ್ಪತ್ತೇಳನೇದರ ಮ್ಯಾಲ ಅಂಕಿ ಅಲುಗಿತು.
ಚೀಟಿ ಜರ್ಮನ್ ಭಾಷಾದಾಗಿತ್ತು. ಸಾಯಬ್ರು
ಕನ್ನಡಕ ಹಣಿಗೇರಿಸಿ ಓದಿದರು: ಮುಂದಿನ ಡಿಕ್ಕಿ, ದೀಪ.

ಮುಚ್ಚಿದ ಮ್ಯಾಲ ದೀಪ ಆರತದೋ ಇಲ್ಲೋ
ಯಾರು ನೋಡಬೇಕು?
ನನ್ನ ಫೋನಿನ್ಯಾಗ ವಿಡಿಯೋ ಚಾಲೂ ಮಾಡಿ
ಒಳಗ ಇಟ್ಟು, ಮುಚ್ಚಿ, ಹತ್ತು ಎಣಿಸಿ, ತೆಗೆದೆ.

ಆರಿರಲಿಲ್ಲ.
ಮಳೆಗಾಲ ಪೂರ್ತಿ, ಹಗಲು ರಾತ್ರಿ,
ಆ ಪೆಟ್ಟಿಗಿಯೊಳಗ ಹಳದಿ ಬೆಳಕು
ಒಂದು ಜೋಡಿ ಹೆಂಗಸರ ಚಪ್ಪಲಿ ನೋಡಕೋತ ಕುಂತಿತ್ತು.
ಹಿಮ್ಮಡದಾಗ ಮರಳು ಇನ್ನೂ ಅಂಟೇ ಇತ್ತು.
ಸಾಯಬ್ರು ಅವನ್ನ ಎತ್ತಕೊಂಡು ಒಳಗ ಹೋದರು,
ಬರಾಕ ಹೊತ್ತಾತು.
ಯಾರವು ಅಂತ ನಾ ಕೇಳಲಿಲ್ಲ. ಕರೆಂಟು ಎಲ್ಲಿ ಸೋರತದ
ಅಷ್ಟ ನನ್ನ ಕೂಲಿ.

ಸ್ವಿಚ್ಚಿನ ತುದಿಯ ರಬ್ಬರು ಬಿದ್ದು ಹೋಗಿತ್ತು,
ಮುಚ್ಚಳ ಅದನ್ನ ಒತ್ತತಿದ್ದಿಲ್ಲ.
ಕಂಪನಿ ರಬ್ಬರು ಬರಾಕ ಆರು ವಾರ.
ನನ್ನ ಹವಾಯಿ ಚಪ್ಪಲಿ ಹಿಮ್ಮಡದಿಂದ
ನಾಕಾಣೆಯಷ್ಟು ಕೊಯ್ದು ಅಂಟಿಸಿದೆ.
ಸಾಯಬ್ರು ನೋಡಿದರು,
ನನ್ನ ಕಾಲನೂ ನೋಡಿದರು,
ಏಳನೂರು ಕೇಳಿದ್ದಕ್ಕ ಸಾವಿರ ಕೊಟ್ಟು
ಚಿಲ್ರ ತಗೊಳ್ಳಲಿಲ್ಲ.

ರಾತ್ರಿ ಬಸ್ಸಿನ್ಯಾಗ, ಜುವಾರಿ ಸೇತುವೆ ಮ್ಯಾಲ,
ಎರಡನೇ ವಿಡಿಯೋ ಹಚ್ಚಿದೆ.
ಖಾಲಿ ಪೆಟ್ಟಿಗಿ, ಬೆಳಕು, ನನ್ನ ಕೈ,
ಮುಚ್ಚಳ ಬಂತು. ಗಪ್ಪನೆ ಕತ್ತಲು.
ಕತ್ತಲ್ಯಾಗ, ದೂರದ ಯಾರದೋ ಅನ್ನೂವಂಗ,
ನನ್ನದ ದನಿ: ಆರಿತೇನ್ರಿ?
ಸಾಯಬ್ರ ದನಿ: ನಂಗ ಹ್ಯಾಂಗ ಗೊತ್ತಾಗಬೇಕು?
ಆಮ್ಯಾಲ ಒಂಬತ್ತು ಸೆಕೆಂಡು ಏನೂ ಇಲ್ಲ.

ಫೋನು ತುಂಬೇತಿ, ಅಳಿಸು ಅಂತದ ದಿನಾ.
ಅದೊಂದ ಬಿಟ್ಟೀನಿ.