ಏಳು ಮೆಟ್ಟಿಲು ಕೆಳಗೆ

ನಾನು ಇಳಿದು ಬಂದವಳಲ್ಲ.
ಹನ್ನೊಂದು ವರ್ಷದ ಹಿಂದೆ ಈ ಕೋಣೆ ಹಿಡಿದಾಗ
ನುಳ್ಳಿಪ್ಪಾಡಿಯ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಬೇಕಿತ್ತು.
ಹೆದ್ದಾರಿ ಅಗಲವಾಯಿತು, ಆಮೇಲೆ ಎತ್ತರವಾಯಿತು,
ಮಣ್ಣು ಸುರಿದರು, ಜಲ್ಲಿ ಸುರಿದರು, ಮತ್ತೆ ಮಣ್ಣು.
ಈಗ ಏಳು ಮೆಟ್ಟಿಲು ಇಳಿಯಬೇಕು
ನನ್ನ ಹೊಲಿಗೆ ಮಿಶನ್ನಿನ ಹತ್ತಿರ ಬರಲು.

ಕಿಟಕಿಯಲ್ಲಿ ಮನುಷ್ಯರಿಗೆ ಮುಖವಿಲ್ಲ.
ಪಾದ, ಪ್ಯಾಂಟಿನ ಅಂಚು, ಕೊಡೆಯ ತುದಿ, ಟಯರು.
ಯಾವ ಸೀರೆಯ ಫಾಲ್ಸು ಯಾರ ಕೈದೆಂದು
ಕೂತಲ್ಲಿಂದಲೇ ಹೇಳಬಲ್ಲೆ.

ಮೊದಲ ಮಳೆಗೆ ಬಾಗಿಲಿನ ಬುಡ ಮಾತ್ರ ಕಪ್ಪಾಯಿತು.
ಎರಡನೆಯದಕ್ಕೆ ಕೆಂಪುಕಲ್ಲಿನ ಗೋಡೆ
ಸಿಮೆಂಟಿನ ಒಳಗಿಂದ ಬೆವರಿತು.
ಬೀಫಾತುಮ್ಮ ಬಂದು, ಉಗುರಿನಿಂದ ಕೆರೆದು ನೋಡಿ
'ಪೂಪ್ಪಲ್' ಎಂದರು.
ನಾವು ಬೂಸರು ಅನ್ನುವುದು.
ಅವರ ಮಾತಿನಲ್ಲಿ ಎಲ್ಲೋ ಒಂದು ಹೂವು ಉಂಟು,
ನನ್ನದರಲ್ಲಿ ಬರೀ ಬೂದಿ.
ಬಾಡಿಗೆಯಲ್ಲಿ ಐನೂರು ಬಿಟ್ಟರು.
ಅವರ ಅಂಗಳಕ್ಕೂ ರಸ್ತೆಯ ನೀರು ನುಗ್ಗುತ್ತದೆ,
ಬಾವಿಯ ಮೇಲೆ ಡೀಸೆಲ್ಲಿನ ಕಾಮನಬಿಲ್ಲು.
ಯಾರ ಮೇಲೆ ಸಿಟ್ಟಾಗುವುದು?

ಮಾಡದ್ದೇನು!
ಸುಣ್ಣ ಬಳಿದೆ, ಹಪ್ಪಳದ ಹಾಗೆ ಎದ್ದು ನಿಂತಿತು.
ಬಟ್ಟಲಲ್ಲಿ ಕಲ್ಲುಪ್ಪು ಇಟ್ಟೆ, ಬೆಳಗ್ಗೆ ನೋಡಿದರೆ
ಬಟ್ಟಲ ತುಂಬ ಸಮುದ್ರ.
ಗೆರಟೆಯ ಕರಿ, ಬೇವಿನ ಸೊಪ್ಪು, ಕರ್ಪೂರ, ಲಾವಂಚದ ಬೇರು.
ಸಾಂಬ್ರಾಣಿ ಹಾಕಿದ ದಿನ
ಅಳತೆ ಕೊಡಲು ಬಂದವಳೊಬ್ಬಳು ಮೆಟ್ಟಿಲಲ್ಲೇ ನಿಂತು ಕೇಳಿದಳು,
'ಯಾರಾದರೂ ತೀರಿಕೊಂಡರಾ?'
ರಾತ್ರಿಯಿಡೀ ನೂರು ವಾಟಿನ ಬಲ್ಬು ಉರಿಸಿಟ್ಟು ಹೋದೆ;
ಕರೆಂಟಿನ ಬಿಲ್ಲೊಂದೇ ಗರಿಗರಿಯಾಗಿ ಬಂತು.
ಅಮ್ಮ ಇಟ್ಟ ಹೆಸರೂ ಜಲಜಾಕ್ಷಿ.

ಹಾಗಿರುತ್ತಾ ಒಂದು ಬೆಳಗ್ಗೆ ಬೀಗ ತೆಗೆದರೆ
ವಾಸನೆಯೇ ಇಲ್ಲ.
ಉಸಿರೆಳೆದೆ, ಮತ್ತೆ ಎಳೆದೆ. ಇಲ್ಲ.
ಗೆದ್ದೆ ಅಂದುಕೊಂಡು ರಂಸೀನಳಿಗೆ ಚಹಾ ತರಲು ಹೇಳಿದೆ,
ಜೊತೆಗೆ ಎರಡು ಪಳಂಪೊರಿ.
ಅದೇ ಸಂಜೆ, ಹೊಸ ಯೂನಿಫಾರಂ ತಲೆಗೆ ಹಾಕಿಕೊಂಡ ಒಂದು ಮಗು
ತೋಳು ಸಿಗದೆ ಒಳಗಿಂದಲೇ ಕೂಗಿತು:
'ಅಮ್ಮಾ, ಇದರೊಳಗೆ ಕಪ್ಪೆ ಉಂಟು!'
ತಾಯಿ ನಕ್ಕಳು, ಚಿಲ್ಲರೆ ಎಣಿಸಿ ಕೊಟ್ಟಳು.
ಮತ್ತೆ ಬರಲಿಲ್ಲ.
ಸೋತದ್ದು ಗೋಡೆಯಲ್ಲ, ನನ್ನ ಮೂಗು.

ದೊಡ್ಡವರು ಬಾಯಿಬಿಟ್ಟು ಹೇಳುವುದಿಲ್ಲ.
ರವಕೆಯನ್ನು ಮಡಿಸುವಾಗ
ಒಂದು ಗೇಣು ದೂರ ಹಿಡಿಯುತ್ತಾರೆ, ಅಷ್ಟೆ.
ಆ ಗೇಣನ್ನು ನಾನು ಟೇಪಿಲ್ಲದೆ ಅಳೆಯಬಲ್ಲೆ.

ಆಟಿಯ ನಡುವೆ ನಾಲ್ಕು ದಿನ ಬಿಸಿಲು ಬಂತು.
ರಂಸೀನ ಒಂದು ಕಡೆ, ನಾನೊಂದು ಕಡೆ,
ಮಿಶನ್ನು ಎತ್ತಿ ಸರ್ವಿಸ್ ರೋಡಿನ ಅಂಚಿಗೆ ತಂದಿಟ್ಟು
ಮದುವೆ ಮನೆಯ ಹನ್ನೆರಡು ರವಕೆ ಹೊಲಿದೆವು.
ಲಾರಿಗಳು ಒಂದೊಂದಾಗಿ ಪೌಡರು ಹಾಕಿಹೋದವು.
ಹನ್ನೆರಡನ್ನೂ ಒಗೆಯಬೇಕಾಯಿತು.
ಒಗೆದದ್ದನ್ನು ಒಣಗಿಸಲು, ಮತ್ತೆಲ್ಲಿಗೆ?
ಐದನೆಯ ದಿನ ಮಳೆ.

ಮೊನ್ನೆ ನೂಲು ತರಲೆಂದು ಮಂಗಳೂರಿನ ಬಸ್ಸು ಹತ್ತಿದೆ.
ಕುಂಬಳೆ ದಾಟುವಾಗ ಥಟ್ಟನೆ ಬಂತು ಅದು:
ಒದ್ದೆ ಗೋಡೆ, ಹಳೆ ಗೋಣಿ, ಮುಗ್ಗಿದ ಸುಣ್ಣ.
ಹೊರಗಿನ ಗಾಳಿಯಲ್ಲಿ ಮೂಗು ಮರಳಿ ಬಂದಿತ್ತು.
ಮೊದಲು ನನ್ನ ಸೆರಗು ಮೂಸಿಕೊಂಡೆ.
ಆಮೇಲೆ ಮುಂದಿನ ಸೀಟು ನೋಡಿದೆ.
ಪರಿಚಯವಿಲ್ಲದ ಹೆಂಗಸು, ಪಾಚಿ ಬಣ್ಣದ ರವಕೆ,
ಕುತ್ತಿಗೆಯ ಹಿಂದೆ ನಾನೇ ಇಟ್ಟ ಮಡಿಕೆ, ನನ್ನದೇ ಗಂಟು.
ಪಕ್ಕದ ಸೀಟು ಖಾಲಿ. ಬಸ್ಸು ತುಂಬಿ
ಜನ ನೇತಾಡುತ್ತಿದ್ದರು.

ಮೆಲ್ಲಗೆ ಕಿಟಕಿ ಸರಿಸಿದೆ, ಗಾಳಿಯಾಡಲಿ ಎಂದು.
'ಎರಚಲು ಹೊಡೀತದೆ' ಎಂದು ಆಕೆ ಮುಚ್ಚಿದಳು.
ಉಪ್ಪಳದವರೆಗೆ ಹೀಗೇ ಹೋದೆವು,
ಆಕೆ, ನಾನು, ನನ್ನ ಕೋಣೆ.
ಬೆನ್ನಿನ ಹೊಲಿಗೆ ನೆಟ್ಟಗಿತ್ತು.