ಹೋಲ್ಡಾನ್

ಇಪ್ಪತ್ತಾರು ವರ್ಷ ನಿಂತೇ ತಿರುಗಿದವಳು,
ಶಿವಮೊಗ್ಗ ಡಿಪೋದ ಕಂಡಕ್ಟರು.
ಹೊಸನಗರ, ನಗರ, ತೀರ್ಥಹಳ್ಳಿ, ಸಾಗರ:
ಊರೆಂದರೆ ನನಗೆ ಎರಡು ನಿಮಿಷ, ಒಂದು ಬಾಗಿಲು,
ಚಿಲ್ಲರೆಗೆ ಒಂದು ಜಗಳ.
ಇಳಿದವರು ಎಲ್ಲಿಗೆ ಹೋದರೋ ನೋಡಿದ್ದಿಲ್ಲ.

ನಿವೃತ್ತಿಯ ದುಡ್ಡಲ್ಲಿ ಜೊತೆಯವರು ಸೈಟು ಕೊಂಡರು.
ನಾವು ಹರಾಜಿನಲ್ಲಿ ಇದಕ್ಕೆ ಸವಾಲು ಕೂಗಿದೆವು,
ಕಣ್ಣಾಸ್ಪತ್ರೆಯೊಂದರ ಹಳೇ ಸಂಚಾರಿ ಗಾಡಿ:
ಫೈಬರ್ ಮೈ, ಎರಡು ಚಕ್ರ, ಒಂದು ಕೊಕ್ಕೆ,
ಕೋಳಿಮೊಟ್ಟೆ ಅಡ್ಡ ಮಲಗಿದ ಹಾಗೆ.
"ಕಾವು ಕೊಡೋರು ಯಾರೇ?" ಎಂದಳು ನಾದಿನಿ.

ಒಳಗೋಡೆಗೆ ಅಂಟಿದ್ದ ಅಕ್ಷರದ ಪಟ
ಕಿತ್ತರೂ ಬರಲಿಲ್ಲ.
ಮೇಲೆ ಹಲಸಿನಕಾಯಿ ಗಾತ್ರದ ರ,
ಕೆಳಗಿಳಿದಂತೆ ಟ, ದ, ಗ,
ಕೊನೆಯದು ಬರೀ ಇರುವೆ ಸಾಲು.
ಮಲಗುವ ಮುಂಚೆ ಚೂಡಪ್ಪ ಗಟ್ಟಿಯಾಗಿ ಓದುತ್ತಾನೆ,
ಐದನೇ ಸಾಲಿಗೆ ಸುಳ್ಳು ಶುರು.

ಇಟ್ಟಿಗೆ ಲಾರಿ ಓಡಿಸಿ ಪಳಗಿದ ಕೈ ಅವನದು.
ಆದರೂ ಹಿಂದಕ್ಕೆ ತೆಗೆಯುವಾಗ
ಜೀಪು ಎಡಕ್ಕೆಳೆದರೆ ಇದರ ತಲೆ ಬಲಕ್ಕೆ,
ಒಲಿಸಿದಷ್ಟೂ ಮುನಿಸು.
ನಾನು ಹಿಂದೆ ನಿಂತು ಸೀಟಿ ಊದುತ್ತೇನೆ,
"ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"
ಮೇಯುತ್ತಿದ್ದ ದನವೂ ಬಾಯಿ ನಿಲ್ಲಿಸುತ್ತದೆ.

ಮೊದಲ ಮುಂಗಾರಿಗೇ ಸೋರಿತು.
ಹನಿ ಬಿದ್ದದ್ದು ಒಲೆಯ ಮೇಲೆ,
ತೂತು ಒಲೆಯ ಮೇಲಿರಲಿಲ್ಲ.
ನೀರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಇಳಿಯುತ್ತದೆ,
ಚೂಡಪ್ಪನ ಸಿಟ್ಟಿನ ಹಾಗೆ.
ಆಟೋ ಕಾಂಪ್ಲೆಕ್ಸಿನ ಖಲಂದರ್ ಸಾಬರು
ಕಿಟಕಿಯ ರಬ್ಬರು ಬದಲಿಸಿದರು,
ರಿವೆಟ್ಟಿನ ತಲೆತಲೆಗೂ ಸೀಲಂಟ್ ಮೆತ್ತಿದರು,
ರೆಸಿನ್ನಿಗೆ ಹಾರ್ಡನರ್ ಹನಿ ಎಣಿಸುತ್ತ
"ಜಾಸ್ತಿ ಆದ್ರೆ ಬ್ರಶ್ಶಲ್ಲೇ ಕಲ್ಲಾಗುತ್ತೆ ಅಕ್ಕಾ" ಎಂದರು.
ಎಮರಿ ಪೇಪರಿನಲ್ಲಿ ಉಜ್ಜಿದ್ದು ನಾವೇ.
ಗಾಜಿನ ದೂಳು ಹೊಕ್ಕು ಮೂರು ರಾತ್ರಿ ಮೊಣಕೈ ತುರಿಕೆ,
ಕೊಬ್ಬರಿ ಎಣ್ಣೆಗೂ ಜಗ್ಗಲಿಲ್ಲ.
ನಾಲ್ಕನೇ ದಿನ, ಒಲೆಯ ಮೇಲೆ,
ಟಪ್.

ಹೊರಟೇ ಬಿಟ್ಟೆವು, ಪಾತ್ರೆಯೊಂದನ್ನು ಹೆಚ್ಚಿಗೆ ಇಟ್ಟುಕೊಂಡು.
ನಿಟ್ಟೂರಿನಾಚೆ, ಹಿನ್ನೀರಿನ ಅಂಚು.
ಗದ್ದೆಯವರನ್ನು ಕೇಳಿ, ಚಕ್ರಕ್ಕೆ ಕಲ್ಲು ಕೊಟ್ಟು,
ಮೂಲೆ ಮೂಲೆಗೆ ಜಾಕಿ ಇಟ್ಟು
ಲೋಟದ ನೀರಲ್ಲಿ ಮಟ್ಟ ನೋಡಿದೆವು.
ರಾತ್ರಿ ಕಪ್ಪೆಗಳ ನಡುವೆ
ನಮ್ಮ ಬಲ್ಬೊಂದೇ ಹಳದಿ.

ಬೆಳಿಗ್ಗೆ ಬಾಗಿಲಲ್ಲಿ ಒಬ್ಬಳು ಮುದುಕಿ.
ಹೊರಮೈಯ ದೊಡ್ಡ ಕಣ್ಣಿನ ಚಿತ್ರ
ಎರಡು ಕೋಟು ಬಣ್ಣದಡಿಯೂ ಅರೆ ತೆರೆದಿತ್ತು.
"ಕಣ್ಣಿನ ಗಾಡಿ ಬಂದದೆ ಅಂದ ಮೊಮ್ಮಗ."
"ಡಾಕ್ಟ್ರು ಇಲ್ಲವ್ವಾ, ನಾವು ಸುಮ್ನೆ ಬಂದವರು."
"ಸುಮ್ನೆ ಅಂದ್ರೆ?"
ಆ ಸ್ಟೇಜಿಗೆ ನನ್ನಲ್ಲಿ ಟಿಕೀಟು ಇರಲಿಲ್ಲ.
ಒಳಗೆ ಕರೆದು ಕಾಫಿ ಕೊಟ್ಟೆ.

ಕುಂಬಾರರ ದ್ಯಾವಮ್ಮ.
ಪಟದ ಕಡೆ ಮುಖ ಮಾಡಿಯೂ ನೋಡಲಿಲ್ಲ,
ಲೋಟ ಕೆಳಗಿಟ್ಟು ಗೋಡೆ ಸವರಿದಳು.
"ಇದು ಯಾವ ಮಣ್ಣು?"
ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದಳು,
ಕಿವಿ ವಾಲಿಸಿ, ಸಂತೆಯಲ್ಲಿ ಮಡಕೆ ಆರಿಸುವವರ ಹಾಗೆ:
ಟಣ್, ಟಣ್, ಟಣ್,
ರ ಅಕ್ಷರದ ಮೇಲೆ ಒಂದು ಗೇಣು: ಡೊಬ್.
"ಇಲ್ಲಿ ಬಿಟ್ಕಂಡದೆ. ಹಸಿ ಇದ್ದಾಗ್ಲೇ ಬಿಟ್ಟಿರ್ಬೇಕು.
ಸುಟ್ಟೋರಿಗೆ ಗೊತ್ತಾಗಿಲ್ಲ."

ಚೂಡಪ್ಪ ಮೇಲೆ ಹತ್ತಿ ನೋಡಿದ.
ಹಿಂದೆ ದೀಪ ಕೂರಿಸಿದ್ದ ಜಾಗ,
ಬಣ್ಣದಡಿ ಕೂದಲೆಳೆಯಷ್ಟು ಬಿರುಕು.
ಏನೂ ಹೇಳದೆ ಪೆನ್ಸಿಲಿನಲ್ಲಿ ಸುತ್ತ ಗೀಟು ಎಳೆದ.

ನಾಳೆ ಅವಳನ್ನು ಜೀಪಿನಲ್ಲಿ
ಹೊಸನಗರದ ಆಸ್ಪತ್ರೆಗೆ ಒಯ್ಯುವ ಮಾತಾಯಿತು.
"ಎಷ್ಟು ಕೊಡ್ಲಿ?" ಎಂದು ಎಲೆಚೀಲದ ದಾರ ಬಿಚ್ಚಿದಳು.
"ಚಿಲ್ಲರೆ ಇಲ್ಲವ್ವಾ" ಎಂದೆ,
ವೃತ್ತಿಯ ಹಳೇ ಸುಳ್ಳು.

ಕಾಲಲ್ಲಿ ಮೆಟ್ಟಿಲು ತಡವಿ ಇಳಿದಳು.
ಬದುವಿನ ಮೇಲೆ ಹೋದಳು, ಲಂಟಾನದ ಪಕ್ಕ ನಿಂತಳು,
ಎಲ್ಲಿಂದಲೋ ಹುಡುಗನೊಬ್ಬ ಬಂದು ಕೈ ಹಿಡಿದ,
ತಗಡಿನ ನೀಲಿ ಬಾಗಿಲೊಂದು ತೆರೆದು ಮುಚ್ಚಿತು.
ಅಲ್ಲಿಯವರೆಗೂ ಬಾಗಿಲ ಕಂಬಿ ಹಿಡಿದು ನಿಂತಿದ್ದೆ.
ರೈಟ್ ಅನ್ನಲಿಲ್ಲ.