ಸುಣ್ಣಕಟ್ಟು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಭಾವ
ಎದೆ ಉಜ್ಜಿಕೊಂಡು 'ಗ್ಯಾಸು' ಅಂದರಂತೆ.
ನಿಂಬೆ ಸೋಡಾ ಕುಡಿದು, ನಮ್ಮ ಲಾಟು ಕೂಗುವ ಮೊದಲೇ
ಒರಗಿದರಂತೆ, ಗೂಡುಗಳ ಮೇಲೇ.
ಐವತ್ತೊಂದು ತುಂಬಿರಲಿಲ್ಲ ಬಚ್ಚಣ್ಣ ಭಾವನಿಗೆ.

ಇವರಿಗೆ ಈಗ ನಲವತ್ತೆಂಟು.
ಅದೇ ಮೂಗು, ಅದೇ ಬೀಡಿ, ಊಟಕ್ಕೆ ಮೇಲುಪ್ಪು.
'ನೋವೇ ಇಲ್ಲದೋನಿಗೆ ಫೋಟೋ ಯಾಕೆ?' ಅಂದರು.
ಹುಳುಮನೆ ಬಾಗಿಲಲ್ಲಿ ನಿಂತು ಕೇಳಿದೆ ನಾನು:
ಮರಿ ತರೋ ಮುಂಚೆ ಬ್ಲೀಚಿಂಗ್ ಹೊಡೆಯೋದು ಯಾಕೆ?
ತಟ್ಟೆ ತೊಳೆದು ಬಿಸಿಲಿಗಿಡೋದು ಯಾಕೆ?
ಹುಳು ಸುಣ್ಣಕಟ್ಟಿ ಬಳಪದ ಕಡ್ಡಿಯಾದ ಮೇಲೆ
ಗುಂಡಿ ತೋಡೋದೊಂದೇ ಅಲ್ಲವಾ ಉಳಿಯೋ ಕೆಲಸ?

ಉತ್ತರ ಬರಲಿಲ್ಲ.
ಗುರುವಾರ ಬಸ್ಸಿಗೆ ಮೊದಲು ಹತ್ತಿದವರು ಇವರೇ.

ಚಿಕ್ಕಬಳ್ಳಾಪುರದಲ್ಲಿ, ದೊಡ್ಡ ಬಳೆಯಂಥ ಯಂತ್ರ.
ಸೂಜಿಯಿಲ್ಲ, ಕೊಯ್ಯುವುದಿಲ್ಲ, ಮಲಗಿದರೆ ಸಾಕು.
ಉಸಿರು ಬಿಗಿಹಿಡಿ ಅಂತ ಅದು ಹಿಂದಿಯಲ್ಲಿ ಹೇಳಿತಂತೆ;
ಗಾಜಿನಾಚೆಯ ಹುಡುಗ ಕೆನ್ನೆ ಉಬ್ಬಿಸಿ ತೋರಿಸಿದನಂತೆ.

ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು ನೋಡುತ್ತೇವೆ,
ಮೈಯೊಳಗೆ ರೇಷ್ಮೆ ತುಂಬಿತೇ ಎಂದು.
ಡಾಕ್ಟರಮ್ಮ ಹಾಗೇ ತೋರಿಸಿದರು ಪರದೆಯಲ್ಲಿ:
ಬೂದಿಬಣ್ಣದ ಮುಷ್ಟಿಯೊಂದು, ಅದರ ಮೇಲೆ
ಅನ್ನದ ಅಗುಳಿನಷ್ಟು, ಅಲ್ಲ, ಅದಕ್ಕೂ ಚಿಕ್ಕದು, ಬಿಳುಪು.
'ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿದೆ' ಅಂದರು.
ಆ ಮಾತು ಅವರಿಗೆ ಎಲ್ಲಿಂದ ಬಂತೋ.
ನಾವಿಬ್ಬರೂ ಮುಖ ನೋಡಿಕೊಂಡೆವು.

ಎಂಬತ್ತಾರು. ಸೊನ್ನೆಯಾಗಿದ್ದರೆ ಚೆನ್ನ,
ನಾನೂರು ದಾಟಿದರೆ ಕಷ್ಟ ಅಂದರು.
'ಎಂಬತ್ತಾರಕ್ಕೇ ಹರಾಜು ನಿಲ್ಲಿಸಿಬಿಡಿ ತಾಯಿ'
ಜನ್ಮದಲ್ಲಿ ಮೊದಲ ಸಲ ಇವರು ಕಡಿಮೆ ರೇಟು ಕೇಳಿದ್ದು.

ಈಗ ರಾತ್ರಿ ಒಂದು ಮಾತ್ರೆ. ಬೀಡಿಕಟ್ಟು
ಸೂರಿನ ಸಂದಿಯಲ್ಲಿದೆ, ಎಣಿಸಿಟ್ಟಿದ್ದೇನೆ: ಹದಿನಾಲ್ಕು.
ಯುಗಾದಿಯಿಂದ ಹದಿನಾಲ್ಕೇ.
ಮುಸ್ಸಂಜೆ ಹಿಪ್ಪುನೇರಳೆ ತೋಟದ ಸುತ್ತ ಬೀಸುಗಾಲಲ್ಲಿ ನಡೆಯುತ್ತಾರೆ,
ಯಾರಾದರೂ ಕೇಳಿದರೆ ಬೋರು ನೋಡೋಕೆ ಅನ್ನುತ್ತಾರೆ.

ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿದ್ದರು:
'ನಿಮಗೆಷ್ಟು ವಯಸ್ಸು?
ನಿಮ್ಮ ತಾಯಿ ಯಾವುದರಿಂದ ಹೋದದ್ದು?'
ಎರಡನೆಯದಕ್ಕೆ ಸುಳ್ಳು ಹೇಳಿದೆ.
ಮನೆಯಲ್ಲಿ ಹುಳು ಜ್ವರದಿಂದ ಎದ್ದಿರುತ್ತವೆ,
ಸೊಪ್ಪು ಹಾಕೋರಿಲ್ಲ, ಬಸ್ಸು ಹೊರಡುತ್ತೆ ಅಂದೆ.

ಈ ಬೆಳೆ ಚಂದ್ರಿಕೆಗೆ ಹತ್ತಲಿ.
ಗೂಡು ಮಾರಿದ ಸಂಜೆ ನಾನೇ ಹೇಳುತ್ತೇನೆ ಇವರಿಗೆ:
ನನ್ನನ್ನೂ ಒಮ್ಮೆ
ಬೆಳಕಿಗೆ ಹಿಡಿದು ನೋಡಿ.